ಮಾರುಕಟ್ಟೆಯನ್ನು ನಂಬಿದರೆ ದೇವರನ್ನು ಬಿಟ್ಟ ಹಾಗಾ?

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿ ಮೊದಲು ಫೋನ್ ಮಾಡಿದ್ದು ಹೆಂಡತಿ. "ಮೇಡಂ, ಇವರು ನಂಬಿಕೆಯನ್ನೇ ಬಿಟ್ಟಿದ್ದಾರೆ ಅನ್ಸುತ್ತೆ." ಗಂಡನಿಗೆ ಮೂವತ್ತು ದಾಟಿದೆ, ಸ್ವಂತ ವ್ಯವಹಾರ, ಚಿಕ್ಕಂದಿನಿಂದ ಚರ್ಚಿನಲ್ಲೇ ಬೆಳೆದವರು. ಮಾರುಕಟ್ಟೆಯನ್ನೂ ಸ್ವಾರ್ಥವನ್ನೂ ಎತ್ತಿಹಿಡಿದ ಅಮೆರಿಕದ ಲೇಖಕಿ ಐನ್ ರ‍್ಯಾಂಡ್ ಓದಲು ಶುರು ಮಾಡಿದ ಮೇಲೆ ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡುವುದನ್ನು, ನಿಲ್ಲಿಸಿದರು. ಅವರ ತಮ್ಮ ಬಂದು ದುಡ್ಡು ಕೇಳಿದರೆ "ನಿನ್ನ ಕಷ್ಟ ನನ್ನ ಸಾಲವಲ್ಲ" ಅಂದರು. ಅಲ್ಲಿಂದ ಮನೆಯಲ್ಲಿ ಸರಿಯಾಗಿ ಮಾತಿಲ್ಲ.

ಗಂಡ ಬೈಬಲ್ ಹಿಡಿದುಕೊಂಡೇ ಬಂದರು. ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯಕ್ಕೆ ಕೆಂಪು ಗೆರೆ. ಹೊಲ ಮಾರಿದ ದುಡ್ಡಲ್ಲಿ ಒಂದಷ್ಟು ಬಚ್ಚಿಟ್ಟ ಅನನೀಯನಿಗೆ ಯೇಸುವಿನ ಶಿಷ್ಯ ಪೇತ್ರ ಹೇಳುತ್ತಾನಲ್ಲ, ಹೊಲ ಮಾರುವ ಮುಂಚೆ ನಿನ್ನದೇ ಆಗಿತ್ತು, ಮಾರಿದ ಮೇಲೂ ದುಡ್ಡು ನಿನ್ನ ಕೈಯಲ್ಲೇ ಇತ್ತು ಅಂತ. "ಸ್ವಂತ ಆಸ್ತಿ ತಪ್ಪಲ್ಲ ಅಂತ ಇಲ್ಲೇ ಇದೆಯಲ್ವಾ?"

ಇದೆ. 1891ರಲ್ಲಿ ಪೋಪ್ 13ನೇ ಲಿಯೋ ಕೂಡ ಚರ್ಚಿಗೆ ಬರೆದ ಪತ್ರದಲ್ಲಿ ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿದು ಸಮಾಜವಾದವನ್ನು ತಳ್ಳಿಹಾಕಿದರು. ಆದರೆ ಅದೇ ಪತ್ರದಲ್ಲಿ, ಕೂಲಿಗೆ ಎರಡೂ ಕಡೆಯವರು ಒಪ್ಪಿದ್ದಾರೆ ಅಂದರಷ್ಟೇ ಸಾಲದು, ಅದು ಬದುಕುವಷ್ಟಾದರೂ ಇರಬೇಕು ಅಂತಲೂ ಬರೆದರು.

ಯಾಜಕಕಾಂಡ 19 ತೆಗೆಸಿದೆ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಬಡವರಿಗೂ ಪರದೇಶಿಗೂ ಬಿಡು. "ಅವರೇ ಬಂದು ಕೊಯ್ದುಕೊಳ್ಳಬೇಕು, ಮನೆಗೆ ತಲುಪಿಸಿ ಅಂತಿಲ್ಲ" ಅಂದರು ತಕ್ಷಣ. ಜಾಣರು! ಸರಿ, ಆದರೆ ಹೊಲ ನಿನ್ನದೇ ಆದರೂ ಅಂಚು ಬಿಡಲೇಬೇಕು, ಮನಸ್ಸಿದ್ದರೆ ಬಿಡು ಅಂತ ಅಲ್ಲಿಲ್ಲ.

ನಾನು ಹೇಳಿದ್ದು ಇಷ್ಟು. ಬಲವಂತವಿಲ್ಲದೆ ಕೊಡುಕೊಳ್ಳುವ ಏರ್ಪಾಡನ್ನು ಕ್ರೈಸ್ತರು ಧಾರಾಳವಾಗಿ ಒಪ್ಪಬಹುದು. ರ‍್ಯಾಂಡ್ ಅಷ್ಟಕ್ಕೇ ನಿಲ್ಲುವುದಿಲ್ಲ. ಸ್ವಾರ್ಥವೇ ಸದ್ಗುಣ, ಇನ್ನೊಬ್ಬರಿಗಾಗಿ ತನ್ನನ್ನು ಬಲಿ ಕೊಡುವುದೇ ಕೆಡುಕು ಅಂತಾರೆ, ನಾಸ್ತಿಕರು ಬೇರೆ. ಶಿಲುಬೆಗೆ ಕೈಮುಗಿಯುತ್ತಾ ಇದನ್ನು ಪೂರ್ತಿ ಒಪ್ಪೋದು ಹೇಗೆ?

"ಕನ್ಸರ್ವೇಟಿವ್‌ಗಳೆಲ್ಲ ಇದನ್ನೇ ಹೇಳ್ತಾರಲ್ವಾ?" ಇಲ್ಲವಲ್ಲ. ಕನ್ಸರ್ವೇಟಿವ್ ಅಂದರೆ ಹಿಂದಿನಿಂದ ಬಂದ ಸಂಪ್ರದಾಯ ಉಳಿಸಿಕೊಳ್ಳಬೇಕು ಅನ್ನುವವರು. 1957ರಲ್ಲಿ ಆಕೆಯ ದೊಡ್ಡ ಕಾದಂಬರಿ ಬಂದಾಗ ಅದನ್ನು ಚೆನ್ನಾಗಿ ಜಾಡಿಸಿದ್ದು ಅಮೆರಿಕದ ಕನ್ಸರ್ವೇಟಿವ್ ಪತ್ರಿಕೆ ನ್ಯಾಷನಲ್ ರಿವ್ಯೂ. ಇತ್ತ ಮಾರುಕಟ್ಟೆಯ ಪರ ಗಟ್ಟಿಯಾಗಿ ವಾದಿಸಿದ ಅರ್ಥಶಾಸ್ತ್ರಜ್ಞ ಹಯೆಕ್, ತಾನೇಕೆ ಕನ್ಸರ್ವೇಟಿವ್ ಅಲ್ಲ ಅಂತ 1960ರಲ್ಲಿ ಒಂದು ಪ್ರಬಂಧವನ್ನೇ ಬರೆದರು. ಮನೆತನ, ಚರ್ಚು, ಹಿರಿಯರ ಋಣ ಇವನ್ನು ನಾವ್ಯಾರೂ ಆರಿಸಿಕೊಂಡು ಹುಟ್ಟಿರುವುದಿಲ್ಲ. ಕನ್ಸರ್ವೇಟಿವ್‌ಗೆ ಇವೇ ಮುಖ್ಯ, ರ‍್ಯಾಂಡ್‌ಗೆ ತಾನಾಗಿ ಒಪ್ಪದ ಋಣ ಋಣವೇ ಅಲ್ಲ.

ಕೆದಕಿದಾಗ ಬಂದದ್ದು ಬೇರೆಯೇ. ಹಿಂದೊಮ್ಮೆ ತಮ್ಮ ಇಸಕೊಂಡ ದುಡ್ಡು ವಾಪಸ್ ಬಂದಿಲ್ಲ, ಕೇಳಿದರೆ ಅಪ್ಪ ಅಮ್ಮ ಅವನ ಪರ. ಆ ಸಿಟ್ಟನ್ನು ನೇರವಾಗಿ ಹೇಳಲಾಗದೆ ಪುಸ್ತಕದ ಬಾಯಲ್ಲಿ ಹೇಳಿಸುತ್ತಿದ್ದರು, ಅಷ್ಟೆ.

ಸಲಹೆ: ತಮ್ಮನ ಜೊತೆ ಹಳೇ ಬಾಕಿಯ ಮಾತು ನೇರವಾಗಿ ಆಡಿ, ತತ್ವ ಬೇಡ. ಮುಂದೆ ಕೊಡುವುದಾದರೆ ಸಾಲ ಅನ್ನದೆ ಸುಮ್ನೆ ಕೊಡಿ, ಎಷ್ಟು ಅಂತ ಗಂಡ ಹೆಂಡತಿ ಮೊದಲೇ ಕೂತು ಮಾತಾಡಿಕೊಳ್ಳಿ. ಬೇಡ ಅನ್ನುವುದೂ ಪಾಪವಲ್ಲ, ಆದರೆ ಹಂಗಿಸಬೇಡಿ. ಹೆಂಡತಿಗೂ ಹೇಳಿದೆ, ಲೆಕ್ಕ ಕೇಳಿದವರನ್ನೆಲ್ಲ ನಂಬಿಕೆ ಬಿಟ್ಟವರು ಅನ್ನಬೇಡಿ.

ದಶಮಾಂಶದ ವಿಷಯ ನನ್ನದಲ್ಲ, ಪಾಸ್ಟರ್ ಹತ್ತಿರ ಹೋಗಿ ಅಂದೆ. ತಮ್ಮನ ಜೊತೆ ಮಾತಾಗಿದೆಯಂತೆ. ಪಾಸ್ಟರ್ ಹತ್ತಿರ ಇನ್ನೂ ಹೋಗಿಲ್ಲ.