ಕ್ಯಾಲಿಫೋರ್ನಿಯಾದಲ್ಲಿ ಪ್ರಪೊಸಿಷನ್‌ಗಳಿಗೆ ವೋಟ್ ಹಾಕೋಕೆ ಜನ ಬೇರೆಯವರ ಸಲಹೆ ಯಾಕೆ ನೋಡ್ತಾರೆ?

ಯಾಕಂದ್ರೆ ಪ್ರಪೊಸಿಷನ್ ಅಂದ್ರೆ ಕಾನೂನಿನ ಮೇಲೆ ಜನರೇ ನೇರವಾಗಿ ಹಾಕೋ ವೋಟು, ಅಭ್ಯರ್ಥಿಗಾದ್ರೆ ಹೆಸರಿನ ಜೊತೆ ಪಕ್ಷ ಇರುತ್ತೆ, ಇದಕ್ಕೆ ಆ ಸುಳಿವೂ ಇರಲ್ಲ, ಮೇಲಾಗಿ 2016ರ ನವೆಂಬರಲ್ಲಿ ರಾಜ್ಯದ್ದೇ 17 ಇದ್ವು, ಸಿಟಿ ಕೌಂಟಿದು ಬೇರೆ. ಅದಕ್ಕೇ ಪತ್ರಿಕೆ, ಯೂನಿಯನ್, ಪಕ್ಷಗಳ ಸಲಹೆ ನೋಡ್ತಾರೆ. ಪ್ರಶ್ನೆ ಕೇಳೋ ರೀತಿನೂ ಗೊಂದಲವೇ: 2020ರ ಪ್ರಪೊಸಿಷನ್ 25ರಲ್ಲಿ ದುಡ್ಡು ಕಟ್ಟಿ ಜಾಮೀನು ತಗೊಳ್ಳೋ ಪದ್ಧತಿ ಉಳೀಲಿ ಅನ್ನೋರು 'ನೋ' ಅನ್ನಬೇಕಿತ್ತು, ಯಾಕಂದ್ರೆ ವೋಟ್ ಇದ್ದಿದ್ದು ಆ ಪದ್ಧತಿ ತೆಗೆಯೋ ಕಾನೂನು ಬೇಕಾ ಅಂತ. ಆದ್ರೆ ಕ್ಯಾಂಪೇನಿಗೆ ದುಡ್ಡು ಯಾರದು ಅಂತ ದಯವಿಟ್ಟು ಮೊದಲು ನೋಡಿ, ಅದೇ ವರ್ಷ ಆ್ಯಪ್ ಕಂಪನಿಗಳ ಡ್ರೈವರ್‌ಗಳು ನೌಕರರಲ್ಲ ಅನ್ನೋ ಪ್ರಪೊಸಿಷನ್ 22ಕ್ಕೆ ಊಬರ್, ಲಿಫ್ಟ್ ತರದ ಕಂಪನಿಗಳೇ ಸುಮಾರು 20 ಕೋಟಿ ಡಾಲರ್ ಸುರಿದು ಗೆಲ್ಲಿಸಿಕೊಂಡ್ವು.