2018ರ ಶೋಧಸೂತ್ರ, ಇಂದಿನ ಪಬ್‌ಮೆಡ್

2018ರಲ್ಲಿ ಬರೆದಿಟ್ಟ ಶೋಧಸೂತ್ರವನ್ನೇ ಹಾಕಿದರೂ ವೈದ್ಯಕೀಯ ಲೇಖನಗಳ ಶೋಧತಾಣವಾದ ಪಬ್‌ಮೆಡ್ ಫಲಿತಾಂಶಗಳ ಬೇರೆ ಸಂಖ್ಯೆ ತೋರಿಸುತ್ತಿದೆ, ಈ ಹೊಸ ಪುಟಕ್ಕೆ ಒಗ್ಗಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ನಾನು ವೈದ್ಯಕೀಯ ಕಾಲೇಜೊಂದರ ಗ್ರಂಥಪಾಲಕ. 2020ರ ಮೇ ತಿಂಗಳಲ್ಲಿ ಹೊಸ ರೂಪ ಬಂದಾಗ ಗೊಣಗಿದವರಲ್ಲಿ ನಾನೂ ಒಬ್ಬ. ಮೊಬೈಲಿನ ಅಳತೆಗೆ ಹೊಲಿದ ಅಂಗಿಯನ್ನು ಕಂಪ್ಯೂಟರಿಗೆ ತೊಡಿಸಿದ ಹಾಗೆ ಕಾಣುತ್ತಿತ್ತು. ಯಾವ ಗುಂಡಿ ಎಲ್ಲಿದೆ ಎಂಬುದು ವಾರದೊಳಗೆ ರೂಢಿಯಾಗುತ್ತದೆ. ನಿಮ್ಮನ್ನು ಕಾಡುತ್ತಿರುವುದು ಒಳಗಿನ ಬದಲಾವಣೆ.

ಪದದ ಬುಡ ಬರೆದು ನಕ್ಷತ್ರ ಚಿಹ್ನೆ ಹಾಕಿದರೆ ಹಳೆಯ ಪಬ್‌ಮೆಡ್ ಆ ಬುಡದಿಂದ ಶುರುವಾಗುವ ಪದಗಳಲ್ಲಿ ಮೊದಲ 600 ರೂಪಗಳನ್ನು ಮಾತ್ರ ಹುಡುಕಿ ಕೈಚೆಲ್ಲುತ್ತಿತ್ತು. ಈಗ ಆ ಮಿತಿ ಇಲ್ಲ. ನಕ್ಷತ್ರಕ್ಕೆ ಮೊದಲು ಕನಿಷ್ಠ 4 ಅಕ್ಷರ ಇರಬೇಕು, ಅಷ್ಟೇ. ಜೊತೆಗೆ ಏಕವಚನ, ಬಹುವಚನ, ಬ್ರಿಟಿಷ್ ಮತ್ತು ಅಮೆರಿಕನ್ ಕಾಗುಣಿತಗಳನ್ನೂ ಅದು ತಾನಾಗಿ ಸೇರಿಸಿಕೊಳ್ಳುತ್ತದೆ. ಸಂಖ್ಯೆ ಹೆಚ್ಚಿದ್ದರೆ ಮೊದಲು ಇಲ್ಲಿ ಅನುಮಾನಪಡಿ.

ಅನುಮಾನ ಬಗೆಹರಿಸಿಕೊಳ್ಳಲು 'ಅಡ್ವಾನ್ಸ್‌ಡ್' ಪುಟದ ಕೆಳಭಾಗದಲ್ಲಿರುವ ಶೋಧ ಇತಿಹಾಸಕ್ಕೆ ಹೋಗಿ, 'ಡೀಟೇಲ್ಸ್' ಅಂಕಣದ ಬಾಣವನ್ನು ಒತ್ತಿ. ನೀವು ಟೈಪಿಸಿದ್ದನ್ನು ಅದು ಹೇಗೆ ಅರ್ಥಮಾಡಿಕೊಂಡಿತು ಎಂಬುದು ಬಿಚ್ಚಿಕೊಳ್ಳುತ್ತದೆ. ಹಳೆಯ ಪುಟದಲ್ಲಿ ಇದು ಫಲಿತಾಂಶದ ಪಕ್ಕದಲ್ಲೇ ಕಣ್ಣಿಗೆ ಬೀಳುತ್ತಿತ್ತು. ಒಳಗೆ ತಳ್ಳಿದ್ದು ನನಗೆ ಇಂದಿಗೂ ಸರಿಕಂಡಿಲ್ಲ. ಎರಡು ಉದ್ಧರಣ ಚಿಹ್ನೆಗಳ ನಡುವೆ ಬರೆದ ಪದಗುಚ್ಛ ಅವರ ಸೂಚಿಯಲ್ಲಿ ಇಲ್ಲದಿದ್ದರೆ ಚಿಹ್ನೆಗೆ ಬೆಲೆಯೇ ಇಲ್ಲ, ಪದಗಳನ್ನು ಬಿಡಿಬಿಡಿಯಾಗಿ ಹುಡುಕುತ್ತದೆ. ಅದೂ ಅಲ್ಲೇ ತಿಳಿಯುತ್ತದೆ.

ಪಟ್ಟಿಯಲ್ಲಿ ಹೊಸ ಲೇಖನ ಮೊದಲು ಬರುತ್ತಿಲ್ಲವೆಂದು ಗಾಬರಿಯಾಗಬೇಡಿ. ಈಗ ಮೊದಲು ಬರುವುದು 'ಬೆಸ್ಟ್ ಮ್ಯಾಚ್' ಕ್ರಮ, ಅಂದರೆ ಶೋಧಕ್ಕೆ ಹೆಚ್ಚು ಹೊಂದುವ ಲೇಖನ ಮೇಲೆ, ಬೇಕಾದರೆ ಬದಲಿಸಿಕೊಳ್ಳಿ.

ಫಿಲ್ಟರ್‌ಗಳ ವಿಷಯ ಮಾತ್ರ ಸ್ವಲ್ಪ ಗಂಭೀರ. ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಮಂಗನ ಕಾಯಿಲೆಯ ಬಗ್ಗೆ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆಯ ಬಗ್ಗೆ ಹುಡುಕುತ್ತಿದ್ದರು. "ಸರ್, ಹಳೆಯ ಲೇಖನ ಒಂದೂ ಇಲ್ಲ" ಎಂದರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ತೆಯಾದ ರೋಗ, ಹಳೆಯ ಲೇಖನ ಇಲ್ಲವೆಂದರೆ ನಂಬುವುದು ಹೇಗೆ? ನೋಡಿದರೆ ಬೆಳಿಗ್ಗೆ ಬೇರೊಂದು ವಿಷಯಕ್ಕೆ ಹಾಕಿದ್ದ 5 ವರ್ಷಗಳ ಫಿಲ್ಟರ್ ಹಾಗೆಯೇ ಕುಳಿತಿತ್ತು. ನೀವಾಗಿ ತೆಗೆಯುವ ತನಕ ಅದು ಮುಂದಿನ ಶೋಧಗಳಿಗೂ ಅಂಟಿಕೊಂಡೇ ಇರುತ್ತದೆ. ತೆಗೆದ ಕೂಡಲೇ ಅರವತ್ತರ ದಶಕದ ಲೇಖನಗಳು ಸಾಲಾಗಿ ಬಂದವು. 'ಹ್ಯೂಮನ್ಸ್' ಫಿಲ್ಟರ್ ಇನ್ನೂ ಮೋಸದ್ದು: ಮೆಶ್ ಎಂಬ ನಿಗದಿತ ಪದಪಟ್ಟಿಯ ವಿಷಯಶೀರ್ಷಿಕೆ ಇಲ್ಲದ ದಾಖಲೆಗಳನ್ನು ಸದ್ದಿಲ್ಲದೆ ಕೈಬಿಡುತ್ತದೆ. ಒಂದು ಪ್ರಶ್ನೆಯ ಮೇಲಿನ ಎಲ್ಲ ಅಧ್ಯಯನಗಳನ್ನೂ ಕಲೆಹಾಕುವ ವ್ಯವಸ್ಥಿತ ವಿಮರ್ಶೆ ಬರೆಯುತ್ತಿದ್ದರೆ ಅದರ ಗೋಜಿಗೆ ಹೋಗಬೇಡಿ.

ನಿಮ್ಮ ಹಳೆಯ ಸೂತ್ರವನ್ನು ಸಾಲು ಸಾಲಾಗಿ ಒಡೆದು ಓಡಿಸಿ, ಪ್ರತಿ ಸಾಲಿನ 'ಡೀಟೇಲ್ಸ್' ಪಠ್ಯವನ್ನೂ ಸಂಖ್ಯೆ, ದಿನಾಂಕಗಳನ್ನೂ ನಿಮ್ಮದೇ ಕಡತಕ್ಕೆ ನಕಲಿಸಿಕೊಳ್ಳಿ. 8 ಗಂಟೆ ಮುಟ್ಟದೆ ಬಿಟ್ಟರೆ ಶೋಧ ಇತಿಹಾಸ ಅಳಿಸಿಹೋಗುತ್ತದೆ.