ಭುಜ ಮತ್ತು ಬಟ್ಟೆ ನೋಡಿ ಕೊಳ್ಳಿ, ಉಳಿದದ್ದು ದರ್ಜಿಯ ಕೆಲಸ

ನಮಸ್ಕಾರ. ದುಬಾರಿ ಬ್ರ್ಯಾಂಡ್‌ಗಳ ಚಿತ್ರಗಳಲ್ಲಿ ಕಾಣುವ ಒಂಟೆ ಬಣ್ಣದ ಉದ್ದ ಕೋಟು, ಅಂಚಿಗೆ ಪಟ್ಟಿ ಹೊಲಿದ ಟ್ವೀಡ್ (ಒರಟು ಉಣ್ಣೆ ಬಟ್ಟೆ) ಜಾಕೆಟ್, ಅಗಲ ಕಾಲಿನ ನೆರಿಗೆ ಪ್ಯಾಂಟು, ಪುಟ್ಟ ಚರ್ಮದ ಚೀಲ, ಈ ನಾಲ್ಕನ್ನೂ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲೇ ಹೊಂದಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಬಣ್ಣ, ಮಾದರಿ ಎಲ್ಲ ನೋಡಿಯೇ ತಂದರೂ ಹಾಕಿಕೊಂಡಾಗ ಯಾರೋ ಬಿಟ್ಟ ಬಟ್ಟೆಯಂತೆ ಕಾಣುತ್ತದೆ ಎಂದೂ ಬರೆದಿದ್ದೀರಿ. ಖಂಡಿತ ಹೊಂದಿಸಿಕೊಳ್ಳಬಹುದು. ಆದರೆ ನಿಮ್ಮ ಪ್ರಶ್ನೆಗೆ ಉತ್ತರವಾಗಿ ಕೆಲವರು ಹೇಳಿರುವಂತೆ ದೊಡ್ಡ ಹೆಸರಿನ ಲೇಬಲ್‌ಗಳ ಬೆನ್ನು ಹತ್ತುವುದನ್ನು ನಾನು ಒಪ್ಪುವುದಿಲ್ಲ. ಲೇಬಲ್ ಇರುವುದು ಕತ್ತಿನ ಹಿಂದೆ, ಒಳಗಡೆ. ಎದುರಿಗಿರುವವರ ಕಣ್ಣಿಗೆ ಬೀಳುವುದು ಉಡುಪು ಭುಜದಿಂದ ಹೇಗೆ ಇಳಿದಿದೆ, ಬಟ್ಟೆ ಎಂಥದು, ಅಂಚುಗಳು ಅಚ್ಚುಕಟ್ಟಾಗಿವೆಯೇ ಎಂಬುದು. ಈ ಮೂರರಲ್ಲಿ ಅಂಚನ್ನು ಯಾವ ದರ್ಜಿಯಾದರೂ ಸರಿಪಡಿಸಬಲ್ಲರು. ಬಟ್ಟೆಯನ್ನು ಯಾರೂ ಬದಲಿಸಲಾರರು. ಭುಜವನ್ನು ಬದಲಿಸಬಹುದಾದರೂ ಅದಕ್ಕಾಗಿ ತೋಳು, ಕಾಲರ್, ಲೈನಿಂಗ್ ಎಲ್ಲವನ್ನೂ ಬಿಚ್ಚಿ ಮತ್ತೆ ಕೂಡಿಸಬೇಕು. ಆ ಕೂಲಿಗೆ ಇನ್ನೊಂದು ಕೋಟೇ ಬಂದೀತು. ಹಾಗಾಗಿ ಅಂಗಡಿಯಲ್ಲಿ ಭುಜ ಮತ್ತು ಬಟ್ಟೆ, ಇವೆರಡನ್ನು ಮಾತ್ರ ಕೊಳ್ಳುತ್ತಿದ್ದೇನೆ ಎಂದುಕೊಂಡು ನೋಡಿ.

ಕೈಯಲ್ಲಿರುವ ಹಣವನ್ನು ಹೊರಡುವ ಮೊದಲೇ ಎರಡು ಪಾಲು ಮಾಡಿ. ಒಂದು ಖರೀದಿಗೆ, ಇನ್ನೊಂದು ದರ್ಜಿಗೆ, ಒಗೆತಕ್ಕೆ, ಹೊಸ ಗುಂಡಿಗಳಿಗೆ. ಇಡೀ ಹಣವನ್ನು ಅಂಗಡಿಯಲ್ಲೇ ಖರ್ಚು ಮಾಡಿ ಐದಾರು ಬಟ್ಟೆ ತರುವುದಕ್ಕಿಂತ ಒಂದನ್ನು ತಂದು ಅದನ್ನು ಮೈಗೆ ಸರಿಯಾಗಿ ಕೂರಿಸಿಕೊಳ್ಳುವುದು ಎಷ್ಟೋ ಮೇಲು. ನೀವು ತಂದದ್ದು ಇನ್ನೊಬ್ಬರ ಬಟ್ಟೆಯಂತೆ ಕಾಣಲು ಮುಖ್ಯ ಕಾರಣವೂ ಇದೇ ಇರಬೇಕು: ಅದು ಇನ್ನೂ ಅವರ ಅಳತೆಯಲ್ಲೇ ಇದೆ.

ಎರಡನೆಯದಾಗಿ, ಚಿತ್ರವನ್ನು ಬಿಡಿಸಿ ನೋಡುವುದನ್ನು ರೂಢಿಸಿಕೊಳ್ಳಿ. ಆ ಉಡುಪನ್ನು ಎಂದೂ ಕಾಣದವರಿಗೆ ಫೋನಿನಲ್ಲಿ ವಿವರಿಸುವ ಹಾಗೆ, ಬ್ರ್ಯಾಂಡಿನ ಹೆಸರೆತ್ತದೆ ಬರೆದುಕೊಳ್ಳಿ. ನೀವು ಮೆಚ್ಚಿದ ಬಗೆಯ ಕೋಟುಗಳಲ್ಲಿ ಬಹಳ ಹೆಸರಾದದ್ದು ಇಟಲಿಯ ಮ್ಯಾಕ್ಸ್ ಮಾರಾ ಕಂಪನಿಯ 101801 ಎಂಬ ಸಂಖ್ಯೆಯ ಕೋಟು. ಅದನ್ನು 1981ರಲ್ಲಿ ವಿನ್ಯಾಸಕಿ ಆನ್-ಮೇರಿ ಬೆರೆಟ್ಟಾ ರೂಪಿಸಿದರು. ಇಂದಿಗೂ ಅದು ತಯಾರಾಗುತ್ತಿದೆ. ಅದನ್ನು ಮಾತಿನಲ್ಲಿ ಇಳಿಸಿದರೆ ಹೀಗಾಗುತ್ತದೆ: ಉಣ್ಣೆಗೆ ಕ್ಯಾಶ್ಮೀರ್ ಬೆರೆಸಿದ ಬಟ್ಟೆ, ಎದೆಯ ಮೇಲೆ ಎರಡು ಸಾಲು ಗುಂಡಿ, ಭುಜದ ತುದಿಯಲ್ಲಿ ಮುಗಿಯದೆ ಕೆಳಗಿಳಿದು ಬರುವ ಸಡಿಲ ತೋಳು, ಮೊಣಕಾಲಿನ ಕೆಳಗಿನವರೆಗೆ ಉದ್ದ, ಹೊಳೆಯುವ ಅಲಂಕಾರ ಒಂದೂ ಇಲ್ಲ. ಹೀಗೆ ಬರೆದುಕೊಂಡಾಗ ಹುಡುಕಬೇಕಾದದ್ದು ಏನೆಂದು ತಾನಾಗಿಯೇ ತಿಳಿಯುತ್ತದೆ. ಭುಜ ಸಡಿಲವಾಗಿರುವ ಮಾದರಿಯಾದ್ದರಿಂದ ನಿಮ್ಮ ಅಳತೆಗಿಂತ ಒಂದು ಹೆಜ್ಜೆ ದೊಡ್ಡದನ್ನೂ ನೋಡಬಹುದು, ಗಂಡಸರ ವಿಭಾಗಕ್ಕೂ ಹೋಗಬಹುದು. ಅಲ್ಲಿ ಕಾಲರಿನಿಂದ ಕಂಕುಳಿನವರೆಗೆ ಓರೆಯಾಗಿ ಹೊಲಿಗೆ ಬಂದಿರುವ ರ್‍ಯಾಗ್ಲನ್ ತೋಳಿನ ಕೋಟು ಸಿಕ್ಕರೆ ಅದನ್ನೇ ಆರಿಸಿ. ದಪ್ಪ ಪ್ಯಾಡ್ ಇಟ್ಟ ಗಟ್ಟಿ ಭುಜದ್ದು ಬೇಡ. ಗಂಡಸರ ಕೋಟಿನಲ್ಲಿ ಎಡಭಾಗ ಬಲಭಾಗದ ಮೇಲೆ ಬರುತ್ತದೆ ಎಂಬುದೊಂದೇ ವ್ಯತ್ಯಾಸ, ಅದನ್ನು ಯಾರೂ ಗಮನಿಸುವುದಿಲ್ಲ. ಬಣ್ಣ ಸರಿಯಾಗಿ ಒಂಟೆ ಬಣ್ಣವೇ ಆಗಿರಬೇಕೆಂದು ಹಟ ಹಿಡಿಯಬೇಡಿ. ಕಡುನೀಲಿ ಅಥವಾ ಬೂದು ಬಣ್ಣದ ಅಪ್ಪಟ ಉಣ್ಣೆ, ಒಂಟೆ ಬಣ್ಣದ ಅಕ್ರಿಲಿಕ್‌ಗಿಂತ ಆ ಚಿತ್ರಕ್ಕೆ ಹೆಚ್ಚು ಹತ್ತಿರ.

ಅಂಗಡಿಯಲ್ಲಿ ಕಣ್ಣಿಗಿಂತ ಮೊದಲು ಕೈಗೆ ಕೆಲಸ ಕೊಡಿ. ಹ್ಯಾಂಗರ್‌ಗಳ ಸಾಲಿನ ಉದ್ದಕ್ಕೂ ಬೆರಳಾಡಿಸುತ್ತಾ ಹೋಗಿ. ಉಣ್ಣೆ, ರೇಷ್ಮೆ, ಲಿನನ್ ಸಿಕ್ಕಾಗ ಬೆರಳು ನಿಲ್ಲುತ್ತದೆ. ಸ್ವಲ್ಪ ದಿನದ ಅಭ್ಯಾಸಕ್ಕೆ ಇದು ಬಹಳ ಬೇಗ ಒಲಿಯುತ್ತದೆ. ಆಮೇಲೆ ಒಳಗಿನ ಲೇಬಲ್ ಓದಿ. ಅಪ್ಪಟ ಉಣ್ಣೆಯನ್ನು ಸೂಚಿಸುವ, ನೂಲಿನ ಉಂಡೆಯಂಥ ವುಲ್‌ಮಾರ್ಕ್ ಚಿಹ್ನೆ 1964ರಿಂದ ಬಳಕೆಯಲ್ಲಿದೆ. ಹಳೆಯ ಕೋಟಿನಲ್ಲಿ ಅದು ಕಂಡರೆ ಒಳ್ಳೆಯ ಸುಳಿವು. ಲೇಬಲ್ಲೇ ಕಿತ್ತುಹೋಗಿರುವ ಬಟ್ಟೆಯನ್ನು ತಂದಿದ್ದರೆ ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಒಳಹೊಲಿಗೆಯ ಅಂಚಿನಿಂದ ಬಟ್ಟೆಯದೇ ಒಂದೆರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ನೀರಿನ ಸಿಂಕಿನ ಮೇಲೆ ಬೆಂಕಿ ತಾಗಿಸಿ. ಉಣ್ಣೆ ಮತ್ತು ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತವೆ, ಬೆಂಕಿ ತೆಗೆದರೆ ತಾವೇ ಆರುತ್ತವೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ, ಲಿನನ್, ವಿಸ್ಕೋಸ್ (ಮರದ ತಿರುಳಿನಿಂದ ಮಾಡಿದ ನೂಲು) ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತವೆ. ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆರಕೆ ನೂಲಿನಲ್ಲಿ ಈ ಲಕ್ಷಣಗಳೂ ಬೆರೆತೇ ಕಾಣುತ್ತವೆ, ಅದಕ್ಕೆ ಗಾಬರಿ ಬೇಡ.

ಮುಂದಿನದು ಒಳಭಾಗ. ಜಾಕೆಟ್ಟನ್ನು ತಿರುವಿ ಹಾಕಿ ನೋಡಲು ಸಂಕೋಚ ಪಡಬೇಡಿ. ಗೀರು ಅಥವಾ ಚೌಕಳಿ ಬಟ್ಟೆಯಾದರೆ ಜೇಬಿನ ಬಳಿ ಮತ್ತು ಬೆನ್ನಿನ ಹೊಲಿಗೆಯಲ್ಲಿ ಗೆರೆಗಳು ಒಂದಕ್ಕೊಂದು ಕೂಡುತ್ತವೆಯೇ? ಕೂಡಿದರೆ ಅದನ್ನು ಹೊಲಿದವರು ಬಟ್ಟೆ ಉಳಿಸಲು ನೋಡಿಲ್ಲ ಎಂದರ್ಥ. ಕೆಳಗಿನ ಗುಂಡಿಯ ಹತ್ತಿರ ಹೊರಬಟ್ಟೆ ಮತ್ತು ಒಳಬಟ್ಟೆಯನ್ನು ಎರಡು ಕೈಗಳಿಂದ ಮೆಲ್ಲಗೆ ಬೇರೆ ಬೇರೆಯಾಗಿ ಎಳೆಯಿರಿ. ನಡುವೆ ಮೂರನೆಯ ಪದರವೊಂದು ಬಿಡಿಯಾಗಿ ಸರಿದಾಡಿದರೆ ಅದು ಕ್ಯಾನ್ವಾಸ್ ಹೊಲಿದ ಜಾಕೆಟ್. ಎದೆಯ ಭಾಗ ವರ್ಷಗಟ್ಟಲೆ ಆಕಾರ ಬಿಡುವುದಿಲ್ಲ. ಹೊರಬಟ್ಟೆಯೇ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದು ಅಂಟು ಪದರದ್ದು. ಅದೂ ಕೆಟ್ಟದ್ದೇನಲ್ಲ, ಆದರೆ ಎದೆ ಅಥವಾ ಲೇಪಲ್ (ಕಾಲರಿನ ಕೆಳಗೆ ಹೊರಕ್ಕೆ ಮಡಚಿದ ಭಾಗ) ಮೇಲೆ ಗುಳ್ಳೆಯಂತೆ ಉಬ್ಬಿದ್ದರೆ ಅಲ್ಲೇ ಬಿಟ್ಟುಬಿಡಿ. ಅಂಟು ಬಿಟ್ಟ ಮೇಲೆ ಇಸ್ತ್ರಿಯಿಂದ ಅದು ಸರಿಹೋಗುವುದಿಲ್ಲ.

ಗುಂಡಿ ಬಿದ್ದಿರುವುದು, ಹೊಲಿಗೆ ಬಿಟ್ಟಿರುವುದು, ಲೈನಿಂಗ್ ಹರಿದಿರುವುದು, ಉಣ್ಣೆಯ ಮೇಲೆ ಸಣ್ಣ ಸಣ್ಣ ಗಂಟುಗಳು ಎದ್ದಿರುವುದು, ಇವು ಯಾವುವೂ ದೋಷಗಳೇ ಅಲ್ಲ. ಬೆಲೆ ಇಳಿಸುವ ಕಾರಣಗಳು. ಬಿಡಬೇಕಾದವು ಬೇರೆ ಇವೆ. ಕಂಕುಳಿನಲ್ಲಿ ಬಣ್ಣ ಹೋಗಿರುವುದು, ತೊಡೆಯ ಸಂದಿಯಲ್ಲಿ ಬಟ್ಟೆ ಸವೆದಿರುವುದು, ಬೆಳಕಿಗೆ ಹಿಡಿದಾಗ ನುಸಿ ತಿಂದ ತೂತುಗಳು ಅಲ್ಲಲ್ಲಿ ಕಾಣುವುದು. ಸಿಪ್ಪೆ ಏಳುತ್ತಿರುವ ಕೃತಕ ಚರ್ಮವನ್ನಂತೂ ಮುಟ್ಟಲೇಬೇಡಿ. ಅದರ ಮೇಲ್ಪದರದಲ್ಲಿರುವ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಗಾಳಿಯ ತೇವಕ್ಕೆ ತನ್ನಷ್ಟಕ್ಕೆ ಒಡೆಯುತ್ತಾ ಹೋಗುತ್ತದೆ, ಯಾವ ಪಾಲಿಶ್ ಕೂಡ ಅದನ್ನು ತಡೆಯುವುದಿಲ್ಲ. ಬಳಸದೆ ಇಟ್ಟ ಹಳೆಯ ಶೂಗಳ ಅಟ್ಟೆ ಒಂದು ದಿನ ನಡೆಯುವಷ್ಟರಲ್ಲಿ ಪುಡಿಯಾಗುವುದೂ ಇದೇ ಕಾರಣಕ್ಕೆ.

ಸೈಜ್ ಸಂಖ್ಯೆಯನ್ನು ನಂಬಬೇಡಿ. ಅಮೆರಿಕದಲ್ಲಿ 1958ರಲ್ಲಿ ಹೆಂಗಸರ ಉಡುಪಿಗೆ ಅಳತೆಯ ಮಾನದಂಡವೊಂದು ಬಂದಿತ್ತು. 1983ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಈಗ ಒಂದೊಂದು ಕಂಪನಿಯ ಸಂಖ್ಯೆ ಒಂದೊಂದು ಥರ, ಹಳೆಯ ಉಡುಪುಗಳ ಸಂಖ್ಯೆ ಇನ್ನೊಂದು ಥರ. ಮನೆಯಲ್ಲಿ ನಿಮಗೆ ಚೆನ್ನಾಗಿ ಕೂರುವ ಒಂದು ಜಾಕೆಟ್, ಒಂದು ಪ್ಯಾಂಟನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ ಭುಜದಿಂದ ಭುಜಕ್ಕೆ, ಕಂಕುಳಿನಿಂದ ಕಂಕುಳಿಗೆ, ತೋಳಿನ ಉದ್ದ, ಸೊಂಟ, ಒಳಗಾಲಿನ ಉದ್ದ ಅಳೆದು ಫೋನಿನಲ್ಲಿ ಇಟ್ಟುಕೊಳ್ಳಿ. ಟೇಪನ್ನು ಜೊತೆಗೆ ಒಯ್ಯಿರಿ. ಟ್ರಯಲ್ ಕೋಣೆ ಇಲ್ಲದ ಕಡೆ ಇದೊಂದೇ ಆಧಾರ.

ಈಗ ನಿಮ್ಮ ಟ್ವೀಡ್ ಜಾಕೆಟ್. ನಾಲ್ಕರಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಇದು, ಏಕೆಂದರೆ ಇದನ್ನು ಬಹುಮಟ್ಟಿಗೆ ಕೈಯಲ್ಲೇ ಮಾಡಬಹುದು. ಫ್ರೆಂಚ್ ವಿನ್ಯಾಸಕಿ ಗೇಬ್ರಿಯೆಲ್ ಶನೆಲ್ 1954ರಲ್ಲಿ ಫ್ಯಾಷನ್ನಿಗೆ ಮರಳಿ ಬಂದ ಮೇಲೆ ಹೆಸರಾದ ಈ ಜಾಕೆಟ್‌ನ ಗುಟ್ಟು ಹೊರಗಿನ ಪಟ್ಟಿಗಿಂತ ಹೆಚ್ಚಾಗಿ ಒಳಗಿದೆ. ಕೆಳ ಅಂಚಿನ ಒಳಮಗ್ಗುಲಲ್ಲಿ ಸುತ್ತಲೂ ಒಂದು ತೆಳು ಲೋಹದ ಸರಪಳಿ ಹೊಲಿದಿರುತ್ತದೆ. ಅದರ ಭಾರಕ್ಕೆ ಜಾಕೆಟ್ ಮೇಲೇಳದೆ, ಮುದುಡದೆ, ನೇರವಾಗಿ ಇಳಿಬೀಳುತ್ತದೆ. ಲೈನಿಂಗನ್ನು ಟ್ವೀಡ್‌ಗೆ ಸೇರಿಸಿಯೇ ಸಾಲು ಹೊಲಿಗೆ ಹಾಕಿರುವುದರಿಂದ ಬಟ್ಟೆ ಮೆತ್ತಗಿದ್ದೂ ಆಕಾರ ಬಿಡುವುದಿಲ್ಲ. ನೀವು ಹುಡುಕಬೇಕಾದದ್ದು ಕಾಲರ್ ಇಲ್ಲದ ಅಥವಾ ತೀರಾ ಸಣ್ಣ ಕಾಲರಿನ, ಸೊಂಟದ ಮೂಳೆಯವರೆಗೆ ಬರುವ, ನೇರ ಆಕಾರದ ಉಣ್ಣೆ ಜಾಕೆಟ್. ಉದ್ದ ಸರಿಯಾಗಿರುವುದನ್ನೇ ಆರಿಸಿ. ಸಡಿಲ ನೇಯ್ಗೆಯ ಟ್ವೀಡನ್ನು ಕತ್ತರಿಸಿದೊಡನೆ ಎಳೆ ಬಿಡಲು ತೊಡಗುತ್ತದೆ, ಹೊಸಬರ ಕೈಗೆ ಅದು ಸಿಗುವುದಿಲ್ಲ.

ಸರಪಳಿಯನ್ನು ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಕೊಳ್ಳಬಹುದು, ಮುರಿದ ಹಳೆಯ ಸರವೂ ಆಗುತ್ತದೆ. ಬಟ್ಟೆಗೆ ತುಕ್ಕಿನ ಕಲೆ ಹತ್ತಿಸದ ಲೋಹವಾಗಿರಲಿ. ಲೈನಿಂಗ್ ಮುಗಿಯುವ ಗೆರೆಯ ಕೆಳಗೆ ಅದನ್ನು ಇಟ್ಟು, ಕೊಂಡಿಗಳನ್ನು ಎರಡೂ ಬದಿಯಿಂದ ಸಣ್ಣ ಹೊಲಿಗೆಗಳಲ್ಲಿ ಹಿಡಿಯುತ್ತಾ ಹೋಗಿ. ಸೂಜಿ ಹೊರಬಟ್ಟೆಯನ್ನು ದಾಟಬಾರದು. ಒಗೆತಕ್ಕೆ ಕೊಡುವ ಮೊದಲು ಬಿಚ್ಚಬೇಕಾಗುವುದರಿಂದ ದಾರವನ್ನು ತೀರಾ ಬಿಗಿಯಾಗಿ ಗಂಟು ಹಾಕಬೇಡಿ. ಅಂಚಿನ ಪಟ್ಟಿಯನ್ನು ಕೊಳ್ಳುವಾಗ ಜಾಕೆಟ್ಟನ್ನೇ ಒಯ್ದು ಅದರ ನೂಲಿನಲ್ಲಿರುವ ಬಣ್ಣಗಳಲ್ಲೊಂದನ್ನು ಆರಿಸಿ. ಪಟ್ಟಿಯನ್ನು ಮೊದಲು ಒದ್ದೆ ಮಾಡಿ ಒಣಗಿಸಿಕೊಂಡರೆ ಆಮೇಲೆ ಕುಗ್ಗಿ ಅಂಚನ್ನು ಸುಕ್ಕಾಗಿಸುವುದಿಲ್ಲ. ಮೂಲೆಗಳಲ್ಲಿ ಎಳೆಯದೆ, ಮಡಿಸಿ ಹೊಲಿಯಿರಿ. ಗುಂಡಿಗಳನ್ನು ಎಲ್ಲ ಒಟ್ಟಿಗೆ ಬದಲಿಸಿ, ಆದರೆ ಕಾಜದ ಅಳತೆಗೆ ಸರಿಹೊಂದುವುದನ್ನೇ ತನ್ನಿ. ಹಗುರ ಪ್ಲಾಸ್ಟಿಕ್ ಗುಂಡಿಗಳನ್ನು ಕಿತ್ತು ಲೋಹದ, ಕೊಂಬಿನ ಅಥವಾ ಮುತ್ತಿನ ಚಿಪ್ಪಿನ ಗುಂಡಿ ಹಾಕಿದೊಡನೆ ಜಾಕೆಟ್‌ನ ಮುಖವೇ ಬದಲಾಗುತ್ತದೆ. ಚಿಪ್ಪಿನದನ್ನು ಕೆನ್ನೆಗೆ ತಾಗಿಸಿ ನೋಡಿ, ನಿಜವಾದದ್ದಾದರೆ ತಣ್ಣಗಿರುತ್ತದೆ.

ಪ್ಯಾಂಟಿಗೆ ಗಂಡಸರ ವಿಭಾಗವೇ ವಾಸಿ. ನೆರಿಗೆ ಇರುವ ಉಣ್ಣೆಯ ಸೂಟ್ ಪ್ಯಾಂಟುಗಳ ಬೆನ್ನ ನಡುವಿನ ಹೊಲಿಗೆಯಲ್ಲಿ ಸಾಮಾನ್ಯವಾಗಿ ಬಟ್ಟೆ ಉಳಿಸಿರುತ್ತಾರೆ, ಹಾಗಾಗಿ ಸೊಂಟವನ್ನು ಸ್ವಲ್ಪ ಬಿಡಿಸಬಹುದು, ಹಿಡಿಸಲೂಬಹುದು. ಸುಮಾರು 5 ಸೆಂಟಿಮೀಟರಿಗಿಂತ ಹೆಚ್ಚು ಹಿಡಿಸಿದರೆ ಹಿಂದಿನ ಎರಡು ಜೇಬುಗಳು ಹತ್ತಿರ ಬಂದು ಅಂದಗೆಡುತ್ತದೆ. ಅಗಲ ಕಾಲಿನ ಪ್ಯಾಂಟಿನ ಸೊಗಸೆಲ್ಲ ಉದ್ದದಲ್ಲಿದೆ. ಯಾವ ಶೂ ಹಾಕುತ್ತೀರೋ ಅದನ್ನೇ ಹಾಕಿಕೊಂಡು ದರ್ಜಿಯ ಮುಂದೆ ನಿಲ್ಲಿ, ಅಂಚು ನೆಲಕ್ಕೆ ತಾಗದೆ ಹತ್ತಿರದಲ್ಲಿ ನಿಲ್ಲಲಿ. ಉದ್ದ ಬಿಡಿಸುವುದಾದರೆ ಹಳೆಯ ಮಡಿಕೆಯ ಗೆರೆಯನ್ನು ಪರೀಕ್ಷಿಸಿ. ಉಣ್ಣೆಯಲ್ಲಿ ಹಬೆಗೆ ಅದು ಸಾಮಾನ್ಯವಾಗಿ ಮಾಯವಾಗುತ್ತದೆ. ಮಾಸಿದ ಡೆನಿಮ್, ಕಾರ್ಡರಾಯ್, ವೆಲ್ವೆಟ್‌ನಲ್ಲಿ ಉಳಿದುಬಿಡುತ್ತದೆ. ಜಾಕೆಟ್ ತೋಳಿನ ವಿಷಯದಲ್ಲಿ ಇನ್ನೊಂದು ಎಚ್ಚರ: ತೋಳಿನ ತುದಿಯ ಗುಂಡಿಗಳಿಗೆ ನಿಜವಾದ ಕಾಜ ಕತ್ತರಿಸಿದ್ದರೆ ಕೆಳಗಿನಿಂದ ಮೊಟಕು ಮಾಡಲು ಆಗುವುದಿಲ್ಲ, ಭುಜದ ಕಡೆಯಿಂದ ಬಿಚ್ಚಬೇಕು, ಖರ್ಚು ಏರುತ್ತದೆ.

ಬಣ್ಣ ಹಾಕಿಸಬಹುದೇ ಎಂದೂ ಕೇಳಿದ್ದಿರಿ. ಹತ್ತಿ, ಲಿನನ್, ವಿಸ್ಕೋಸ್‌ಗೆ ಒಂದು ಜಾತಿಯ ಬಣ್ಣ, ಉಣ್ಣೆ ಮತ್ತು ರೇಷ್ಮೆಗೆ ಇನ್ನೊಂದು, ಪಾಲಿಯೆಸ್ಟರ್‌ಗೆ ಕುದಿಯುವಷ್ಟು ಬಿಸಿಯಲ್ಲಿ ಹಿಡಿಯುವ ಮತ್ತೊಂದು ಬೇಕು. ಹೊಲಿಗೆಯ ದಾರ ಹೆಚ್ಚಾಗಿ ಪಾಲಿಯೆಸ್ಟರ್ ಆಗಿರುವುದರಿಂದ ಹತ್ತಿಯ ಬಿಳಿ ಶರ್ಟನ್ನು ಕಪ್ಪು ಮಾಡಿದರೆ ಹೊಲಿಗೆಗಳು ಬೆಳ್ಳಗೇ ಉಳಿಯುತ್ತವೆ. ಲೈನಿಂಗ್ ಇರುವ ಕೋಟಿಗೆ ಬಣ್ಣ ಹಾಕುವ ಯೋಚನೆಯನ್ನೇ ಬಿಡಿ.

ತಂದ ಉಣ್ಣೆ ಬಟ್ಟೆಯನ್ನು ನೇರವಾಗಿ ಕಪಾಟಿಗೆ ಸೇರಿಸಬೇಡಿ. ಗಾಳಿಯಾಡದ ಚೀಲದಲ್ಲಿ ಮುಚ್ಚಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟರೆ ನುಸಿಯ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಹೊರತೆಗೆದ ಮೇಲೆ ಬಟ್ಟೆ ಕೋಣೆಯ ಬಿಸಿಗೆ ಬರುವವರೆಗೆ ಚೀಲ ತೆರೆಯಬೇಡಿ, ಇಲ್ಲವಾದರೆ ತೇವ ಹಿಡಿಯುತ್ತದೆ. ನುಸಿಗುಳಿಗೆಯ ವಾಸನೆ ಹೋಗಲು ನೆರಳಿನಲ್ಲಿ ಗಾಳಿಗೆ ತೂಗುಹಾಕುವುದೇ ದಾರಿ, ಸುಗಂಧ ಸಿಂಪಡಿಸಿದರೆ ಎರಡು ವಾಸನೆ ಸೇರಿ ಇನ್ನೂ ಕೆಡುತ್ತದೆ. ಆಮೇಲೆ ಇಸ್ತ್ರಿ. ಉಣ್ಣೆಯ ಮೇಲೆ ಒದ್ದೆ ಹತ್ತಿ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡದೆ ಒತ್ತಿ, ಎತ್ತಿ, ಮುಂದಕ್ಕೆ ಸರಿಸಿ. ಹಬೆ ಪೂರ್ತಿ ಆರುವವರೆಗೆ ಬಟ್ಟೆಯನ್ನು ಕದಲಿಸಬೇಡಿ. ಆರುವಾಗ ಯಾವ ಆಕಾರದಲ್ಲಿರುತ್ತದೋ ಅದೇ ಆಕಾರ ನಿಲ್ಲುತ್ತದೆ. ಚಿತ್ರದ ಉಡುಪಿಗೂ ಅಂಗಡಿಯ ಉಡುಪಿಗೂ ಇರುವ ಅಂತರದಲ್ಲಿ ದೊಡ್ಡ ಭಾಗ ಈ ಇಸ್ತ್ರಿಯದ್ದೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಕೊನೆಗೆ ಚೀಲ. ಶನೆಲ್‌ನ 2.55 ಚೀಲಕ್ಕೆ ಆ ಹೆಸರು ಬಂದದ್ದು 1955ರ ಫೆಬ್ರವರಿಯಿಂದ. ಚೌಕ ಚೌಕವಾಗಿ ಹೊಲಿದ ಚರ್ಮ, ಮುಚ್ಚಳ, ಭುಜಕ್ಕೆ ಹಾಕಿಕೊಳ್ಳುವ ಸರಪಳಿ, ಇಷ್ಟೇ ಅದರ ರೂಪ. ಆ ರೂಪದ ಚೀಲವನ್ನು ಹೆಸರಿಲ್ಲದ ಎಷ್ಟೋ ಮಂದಿ ಒಳ್ಳೆಯ ಚರ್ಮದಲ್ಲೇ ಮಾಡಿದ್ದಾರೆ. ನಕಲಿ ಲೋಗೋ ಇರುವುದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ: ಅದು ಖೋಟಾ ಮಾಲು, ಅಲ್ಲದೆ ಲೋಗೋಗೆ ಹಾಕಿದ ಶ್ರದ್ಧೆಯನ್ನು ಅಂಥವರು ಚರ್ಮಕ್ಕೆ ಹಾಕಿರುವುದಿಲ್ಲ. ಲೋಗೋ ಇಲ್ಲದ ಚೀಲವನ್ನು ಕೈಗೆತ್ತಿಕೊಂಡು ಮೂರು ಕಡೆ ನೋಡಿ. ಪಟ್ಟಿ ಕೂಡುವ ಜಾಗದಲ್ಲಿ ಹೊಲಿಗೆ ಬಿಟ್ಟಿರಬಾರದು, ಕೊಂಡಿಗಳು ಕೈಗೆ ಭಾರವೆನಿಸಬೇಕು, ಮಡಿಕೆಯಲ್ಲಿ ಚರ್ಮ ಬಿರುಕು ಬಿಟ್ಟಿರಬಾರದು. ಒಣಗಿ ಮಂಕಾಗಿರುವುದು ಪರವಾಗಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟು, ಚರ್ಮದ ಕ್ರೀಮನ್ನು ಮೊದಲು ತಳಭಾಗದ ಒಂದು ಮೂಲೆಗೆ ಹಚ್ಚಿ, ಬಣ್ಣ ಕೆಡದಿದ್ದರೆ ಮಾತ್ರ ಉಳಿದ ಕಡೆಗೆ ಹಚ್ಚಿ.